ಕಂದು ಕಿವಿಯ ಕುನ್ನಿ

ಬಸಲಿಂಗವ್ವ ಲಿಂಗೈಕ್ಯಳಾದ ಏಳನೆಯ ತಿಂಗಳಲ್ಲಿ ನಾನು ಒಂದು ಸುಳ್ಳು ಕಾಗದ ಬರೆದೆ. ಎಪ್ಪತ್ನಾಲ್ಕು ವರ್ಷದ ಬಾಳಿನಲ್ಲಿ ಟಪಾಲಿನ ಡಬ್ಬಿಗೆ ನಾನು ಸುಳ್ಳು ಹಾಕಿದ್ದು ಅದೇ ಮೊದಲು. ಬೇರೆ ಊರಿನವರಿಗೆ ಇದರಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಲಿಕ್ಕಿಲ್ಲ. ನಮ್ಮ ಊರಿನಲ್ಲಿ ಮಾತ್ರ ಅದು ಸಣ್ಣ ಸಂಗತಿಯಲ್ಲ. ನಮ್ಮಲ್ಲಿ ಕಾಗದದೊಳಗಿನ ಸುಳ್ಳು ಒದ್ದೆಯಾಗುತ್ತದೆ. ಹೊರಗಿನಿಂದ ಬಂದದ್ದಿರಲಿ, ಇಲ್ಲಿಂದ ಹೊರಟದ್ದಿರಲಿ, ನಮ್ಮೂರ ಟಪಾಲಿನ ಚೀಲಕ್ಕೆ ಬಿತ್ತೆಂದರೆ ಯಾವ ಸಾಲು ಸುಳ್ಳೋ ಆ ಸಾಲು ನೆನೆಯುತ್ತದೆ. ನಿಜವಾದ ಸಾಲು ಒಣಗಿದ್ದು ಒಣಗಿದಂತೆಯೇ ಇರುತ್ತದೆ.

ಆದ್ದರಿಂದ ನಮ್ಮವರು ಮಸಿಯಲ್ಲಿ ಬರೆಯುವುದಿಲ್ಲ, ಪೆನ್ಸಿಲಿನಲ್ಲಿ ಬರೆಯುತ್ತಾರೆ. ಟಪಾಲು ಕಚೇರಿಯ ಮುಂದೆ ಬಟ್ಟೆ ಒಣಹಾಕುವ ಹಗ್ಗವನ್ನು ಎರಡು ಎಳೆ ಕಟ್ಟಿದ್ದಾರೆ. ಒಂದು ಸಾದಾ ಕಾಗದಗಳಿಗೆ, ಇನ್ನೊಂದು ಮದುವೆಯ ಮಾತುಕತೆಯ ಕಾಗದಗಳಿಗೆ. ವರನಿಗೆ ಯಾವ ಚಟವೂ ಇಲ್ಲ ಎಂಬ ಸಾಲು ತೊಟ್ಟಿಕ್ಕುತ್ತಿದ್ದರೆ ಹೆಣ್ಣಿನ ತಂದೆ ಕಾಗದವನ್ನು ಮೆತ್ತಗೆ ಹಿಂಡಿ, ಜಾಡಿಸಿ, "ಇಷ್ಟು ಹಸಿ ಎಲ್ಲಾ ಸಂಬಂಧದಾಗೂ ಇರ್ತೈತಿ" ಎನ್ನುತ್ತಾನೆ. ಒದ್ದೆಯಿದೆಯೆಂದು ಸಂಬಂಧ ಬಿಟ್ಟವರನ್ನು ನಾನು ಕಂಡಿಲ್ಲ. ಒಬ್ಬರ ಕಾಗದ ಒದ್ದೆಯಾಗಿದೆ ಎಂದು ಇನ್ನೊಬ್ಬರು ಬಾಯಿಬಿಟ್ಟು ಹೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಕೈ ಒರೆಸಿಕೊಂಡು ಸುಮ್ಮನಿರಬೇಕು.

ನಾನು ಊರ ದವಾಖಾನೆಯಲ್ಲಿ ಮೂವತ್ತಾರು ವರ್ಷ ಕಂಪೌಂಡರನಾಗಿದ್ದವನು. ಬಾಟಲಿಗೆ ಕೆಂಪು ಔಷಧ ಹೊಯ್ದು, ಕಾಗದದ ಪಟ್ಟಿ ಅಂಟಿಸಿ, ದಿನಕ್ಕೆ ಮೂರು ಸಲ ಎಂದು ಹೇಳಿ ಕಳಿಸುವುದು ನನ್ನ ಕೆಲಸ. ಬೆಳಿಗ್ಗೆ ಲಿಂಗಪೂಜೆ, ಆಮೇಲೆ ದವಾಖಾನೆ, ಸಂಜೆ ಮತ್ತೆ ಪೂಜೆ. ಈ ಮೂರರ ನಡುವೆ ಬಸಲಿಂಗವ್ವನ ಮೇಲೆ ಸಿಡುಕುವುದು. ಮಕ್ಕಳಾಗಲಿಲ್ಲ. ನಲವತ್ತೊಂದು ವರ್ಷ ನಾನು ಸಿಡುಕಿದೆ, ಅವಳು ನಕ್ಕಳು. ಕನ್ನಡಕ ಎಲ್ಲಿಟ್ಟಿ, ಹಾಲಿನ ಮೇಲೆ ತಟ್ಟೆ ಯಾಕ ಮುಚ್ಚಿಲ್ಲ, ಕಣ್ಣು ಎಲ್ಲಿ ಇಟ್ಟಿರ್ತಿ ನೀ, ಎಂದು ನಾನು ಕೂಗುವುದು ಓಣಿಯ ಕೊನೆಯ ಮನೆಗೂ ಕೇಳುತ್ತಿತ್ತಂತೆ. ಅದರಿಂದಲೇ ಹೊತ್ತು ಎಷ್ಟಾಯಿತೆಂದು ತಿಳಿಯುತ್ತಿದ್ದವರೂ ಇದ್ದರು.

ಅವಳಿಗಿದ್ದದ್ದು ಒಂದೇ ಆಸೆ. ತವರಿನಲ್ಲಿ ಸಣ್ಣವಳಿದ್ದಾಗ ಅವಳಿಗೊಂದು ನಾಯಿಕುನ್ನಿ ಇತ್ತು. ಬಿಳಿ ಮೈ, ಒಂದು ಕಿವಿ ಮಾತ್ರ ಕಂದು. ಅಂಥದ್ದೇ ಒಂದನ್ನು ತರೋಣ ಎಂದು ಅವಳು ವರ್ಷಕ್ಕೊಮ್ಮೆಯಾದರೂ ಕೇಳುವಳು. ಪೂಜೆಯ ಮನೆಯಲ್ಲಿ ನಾಯಿ ಬೇಡ ಎಂದು ನಾನು ವರ್ಷಕ್ಕೊಮ್ಮೆ ಹೇಳುವೆನು. ಅವಳು ಹಿತ್ತಲಿನ ಗೋಡೆಯಾಚೆ ಬೀದಿನಾಯಿಗಳಿಗೆ ರೊಟ್ಟಿ ಹಾಕುವಳು. ಕೊನೆಯ ದಿನ ಮಂಚದ ಮೇಲೆ ಮಲಗಿದ್ದವಳು ನನ್ನನ್ನು ಹತ್ತಿರ ಕರೆದು, "ನಾ ಹೋದ ಮ್ಯಾಲ ಒಂದು ನಾಯಿ ತಂದು ಕಟ್ಕೋರಿ. ನಿಮಗ ಸಿಡುಕಾಕ ಯಾರರ ಬೇಕಲ್ಲ" ಎಂದಳು. ನಾನು "ಹೂಂ, ತರ್ತೀನಿ" ಎಂದೆ. ನಾನು ಅವಳಿಗೆ ಹೇಳಿದ ಕೊನೆಯ ಮಾತು ಅದು.

ಅದನ್ನು ನಡೆಸದೆ ಅವಳ ವರ್ಷದ ಪುಣ್ಯತಿಥಿಯ ಎಡೆ ಇಡುವುದು ಹೇಗೆ? ಎಡೆಯ ಮುಂದೆ ಕೂತು ಅವಳ ಭಾವಚಿತ್ರಕ್ಕೆ ಏನು ಹೇಳಲಿ? ಇದೇ ನನ್ನ ಮನಸ್ಸನ್ನು ಕೊರೆಯುತ್ತಿತ್ತು.

ಹೀಗಿರುವಾಗ ವಾರಪತ್ರಿಕೆಯಲ್ಲಿ ಒಂದು ಜಾಹೀರಾತು ಕಂಡೆ. ಶ್ರೀ ಚಂದ್ರಹಾಸ ಶ್ವಾನ ಸಂವರ್ಧನ ಕೇಂದ್ರ. ಎಲ್ಲ ಜಾತಿಯ, ಎಲ್ಲ ಬಣ್ಣದ, ಎಲ್ಲ ಗುಣದ ಮರಿಗಳು ಸದಾ ಸಿದ್ಧ. ಮನೆಯಲ್ಲಿ ಗೃಹಿಣಿ ಇರುವವರಿಗೆ ಮಾತ್ರ ಕೊಡಲಾಗುವುದು. ವಿಳಾಸದ ಊರು ಎಷ್ಟು ದೂರವೆಂದರೆ ಅಲ್ಲಿಗೆ ಹೋಗಲು ಏಳು ಬಸ್ಸು ಬದಲಿಸಬೇಕು. ಕೊನೆಯ ಸಾಲನ್ನು ನಾನು ಮೂರು ಸಲ ಓದಿದೆ. ಆಮೇಲೆ ಪೆನ್ಸಿಲು ಚೂಪು ಮಾಡಿಕೊಂಡು ಬರೆದೆ: ಬಿಳಿ ಮೈ, ಒಂದು ಕಂದು ಕಿವಿಯ ಮರಿ ಬೇಕು. ನಮ್ಮದು ಪೂಜೆಯ ಮನೆ. ಮನೆಯಲ್ಲಿ ನಾನೂ ನನ್ನ ಹೆಂಡತಿಯೂ ಇದ್ದೇವೆ. ಅವಳು ದಿನವೂ ಬಾಗಿಲು ನೋಡುತ್ತಿದ್ದಾಳೆ.

ಕಾಗದವನ್ನು ಡಬ್ಬಿಗೆ ಹಾಕಿದವನೇ ಹಿಂದಿರುಗಿ ನೋಡದೆ ಮನೆಗೆ ಬಂದು ಕೈಕಾಲು ತೊಳೆದು, ವಿಭೂತಿ ಧರಿಸಿ, ಶಿವನಿಗೆ ತಪ್ಪೊಪ್ಪಿಕೊಂಡೆ.

ಹತ್ತನೆಯ ದಿನ ಉತ್ತರ ಬಂತು. ಟಪಾಲಿನ ಖಾಜೇಸಾಬ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಖಾಜೇಸಾಬ ಐವತ್ತು ದಾಟಿದ ಮನುಷ್ಯ. ಅವನ ಎಳೆತನದ ಕೆಮ್ಮಿಗೆ ನಾನೇ ಔಷಧ ಹೊಯ್ದವನು. ಕಾಗದ ಒಣಗಿತ್ತು. ಬರೀ ಒಣಗಿತ್ತೆಂದರೆ ಸಾಲದು, ಹಪ್ಪಳದಂತೆ ಗರಿಗರಿಯಾಗಿತ್ತು. ನನ್ನ ಎದೆ ಹಗುರವಾಯಿತು. ನೀವು ಕೇಳಿದಂಥ ಮರಿಯೇ ನಿನ್ನೆ ಬೆಳಿಗ್ಗೆ ಹುಟ್ಟಿದೆ ಎಂದು ಬರೆದಿತ್ತು. ಅದು ಶುದ್ಧ ಸಸ್ಯಾಹಾರಿ, ಸೋಮವಾರ ಉಪವಾಸ ಮಾಡುತ್ತದೆ, ಪೂಜೆಯ ಹೊತ್ತಿಗೆ ಬೊಗಳುವುದಿಲ್ಲ. ಇನ್ನಿಬ್ಬರು ಇದನ್ನೇ ಕೇಳುತ್ತಿದ್ದಾರೆ. ಒಬ್ಬರು ಸರ್ಕಸ್ಸಿನ ಮಾಲೀಕರು, ಇನ್ನೊಬ್ಬರು ಒಂದು ಮಠದವರು. ಮೂರು ದಿನದೊಳಗೆ ಹಣ ತಲುಪಿದರೆ ಮರಿ ನಿಮ್ಮದು.

ನನ್ನ ಪಕ್ಕದ ಮನೆ ಸಾವಂತ್ರವ್ವನದು. ಅವಳು ಬಸಲಿಂಗವ್ವನ ಜೀವದ ಗೆಳತಿ, ನನ್ನನ್ನು ಅಣ್ಣಾರ ಎಂದು ಕರೆಯುವವಳು. ಅವಳ ತಂದೆ ಕುರಿ ಸಾಕಿದವನು. ನಾನು ಉತ್ತರವನ್ನು ಓದಿ ಹೇಳಿದಾಗ ಅವಳು ಬೀಸುವ ಕಲ್ಲಿನ ಗೂಟ ಬಿಟ್ಟು ನನ್ನ ಮುಖ ನೋಡಿದಳು.

"ನೀವು ಕೇಳಿದ್ದು ನಿನ್ನಿ ಹುಟ್ಟಿತಂತ?"

"ಹೌದವ್ವಾ."

"ಆನಿಮರಿ ಕೇಳಿದ್ದರ ಅದೂ ಹುಟ್ತಿತ್ತು ಬಿಡ್ರಿ."

"ಕಾಗದ ಒಣಗೇತಲ್ಲ ತಂಗಿ."

"ಕಾಗದ ಒಣಗಿರಲಿ, ಬುದ್ಧಿ ಹಸೀ ಇರಬೇಕ್ರಿ ಅಣ್ಣಾರ. ನಿನ್ನಿ ಹುಟ್ಟಿದ ಕುನ್ನಿ ಕಣ್ಣ ಬಿಟ್ಟಿರೂದಿಲ್ಲ, ಅದು ಸೋಮವಾರ ಯಾವುದು ಮಂಗಳವಾರ ಯಾವುದು ಅಂತ ಹೆಂಗ ತಿಳ್ಕೊಂತು?"

ನನಗೆ ಅವಳ ಮಾತು ಹಿಡಿಸಲಿಲ್ಲ. ಪೂರ್ವಜನ್ಮದ ಸಂಸ್ಕಾರವಿದ್ದರೆ ಏನಾದರೂ ಆದೀತು ಎಂದೆ. ಅವಳು ಮತ್ತೆ ಬೀಸತೊಡಗಿದಳು. ಕಲ್ಲು ಮೊದಲಿಗಿಂತ ಜೋರಾಗಿ ಗುರುಗುಟ್ಟಿತು. ನಾನು ಮರಿಯ ಬೆಲೆಯನ್ನು ಮಾರನೆಯ ದಿನವೇ ಕಳಿಸಿದೆ.

ಒಂದು ಭಾವಚಿತ್ರ ಕಳಿಸಿರೆಂದು ಕೇಳಿದೆ. ಬಂತು. ಬಿಳಿ ಮರಿ, ಬಲಗಿವಿ ಕಂದು, ಹುಲ್ಲಿನ ಮೇಲೆ ಕೂತಿದೆ. ಚಿತ್ರದ ಕೆಳಅಂಚಿನಲ್ಲಿ ಅಕ್ಷರದ ಅರ್ಧ ತಲೆಗಳು ಕಾಣುತ್ತಿದ್ದವು. ಸಾವಂತ್ರವ್ವ ಕಣ್ಣು ಕಿರಿದು ಮಾಡಿ ನೋಡಿ, "ಇದು ಕ್ಯಾಲೆಂಡರ ಹರದದ್ದು. ಇಲ್ಲಿ ನೋಡ್ರಿ, ಏಕಾದಶಿ ಅಂತ ಐತಿ" ಎಂದಳು. ಇನ್ನೊಂದು ಚಿತ್ರ ತರಿಸಿದೆ. ಅದರಲ್ಲಿ ಎಡಗಿವಿ ಕಂದಾಗಿತ್ತು. ಏಕೆಂದು ಕೇಳಿದ್ದಕ್ಕೆ, ಮರಿ ಮಗ್ಗುಲು ಬದಲಿಸಿ ಮಲಗಿದ್ದರಿಂದ ಹಾಗೆ ಕಾಣುತ್ತದೆ ಎಂದು ಉತ್ತರ ಬಂತು. ನಾನು ಕನ್ನಡಿಯ ಮುಂದೆ ಒಂದು ಮಗ್ಗುಲು, ಇನ್ನೊಂದು ಮಗ್ಗುಲು ಮಲಗಿ ನೋಡಿದೆ. ನನ್ನ ಕಿವಿಗಳು ಇದ್ದಲ್ಲೇ ಇದ್ದವು. ಆದರೂ ಆ ಕಾಗದವೂ ಒಣಗಿತ್ತು.

"ನಮ್ಮಪ್ಪ ಕುನ್ನಿ ತರೋವಾಗ ಕುನ್ನಿನ್ನ ನೋಡ್ತಿದ್ದಿಲ್ರಿ" ಎಂದಳು ಸಾವಂತ್ರವ್ವ. "ಮೊದಲ ತಾಯಿನ್ನ ನೋಡ್ತಿದ್ದ. ತಾಯಿ ಕೈ ನೆಕ್ಕಿದರ ತರ್ತಿದ್ದ, ಹಲ್ಲು ಕಿಸದರ ಬಿಟ್ಟು ಬರ್ತಿದ್ದ. ತಾಯಿನ್ನ ತೋರಸದವನ ಅಂಗಳಕ್ಕ ಕಾಲ ಇಡ್ತಿದ್ದಿಲ್ಲ. ಇವನ್ನ ಕೇಳ್ರಿ, ತಾಯಿ ಎಲ್ಲೈತಿ ಅಂತ."

ಕೇಳಿದೆ. ತಾಯಿ ತೀರ್ಥಯಾತ್ರೆಗೆ ಹೋಗಿದ್ದಾಳೆ ಎಂದು ಚಂದ್ರಹಾಸ ಬರೆದ. ಹಾಗಾದರೆ ನಾನೇ ಬಂದು ಮರಿಯನ್ನು ನೋಡಿ ತರುವೆನೆಂದು ಬರೆದೆ. ದಯವಿಟ್ಟು ಬರಬೇಡಿ, ಅಪರಿಚಿತರ ಪಾದದ ಧೂಳಿನಿಂದ ಮರಿಗಳಿಗೆ ನೆಗಡಿಯಾಗುತ್ತದೆ. ಅಲ್ಲದೆ ನಮ್ಮ ಊರು ಈ ತಿಂಗಳು ಮುಚ್ಚಿರುತ್ತದೆ ಎಂದು ಬರೆದ.

ಇಷ್ಟಾದರೂ ನನಗೆ ಸಂಶಯ ಬರಲಿಲ್ಲವೇ ಎಂದು ನೀವು ಕೇಳಬಹುದು. ನಮ್ಮ ಊರಿನವರಿಗೆ ಇದೊಂದು ಕುಂದು ಇದೆ. ಹುಟ್ಟಿದಾಗಿನಿಂದ ಸುಳ್ಳನ್ನು ಬೆರಳಿನಿಂದ ಮುಟ್ಟಿ ತಿಳಿದವರು ನಾವು. ಬುದ್ಧಿಯಿಂದ ತಿಳಿಯುವ ಅಭ್ಯಾಸ ನಮಗಿಲ್ಲ. ಕಾಗದ ಒಣಗಿದ್ದರೆ ಮುಗಿಯಿತು. ಒಂದು ಊರು ಒಂದು ತಿಂಗಳು ಮುಚ್ಚಿರುತ್ತದೆ ಎಂಬುದನ್ನೂ ನಂಬುತ್ತೇವೆ.

ಆ ಕಾಗದವನ್ನು ಸಾವಂತ್ರವ್ವ ನನ್ನ ಕೈಯಿಂದ ಇಸಿದುಕೊಂಡಳು. ಮುಟ್ಟಿ ನೋಡಿದಳು, ಬಿಸಿಲಿಗೆ ಹಿಡಿದು ನೋಡಿದಳು, ಆಮೇಲೆ ಮೂಗಿಗೆ ಹಿಡಿದಳು.

"ಅಣ್ಣಾರ, ಇದು ಉಳ್ಳಾಗಡ್ಡಿ ಭಜಿ ವಾಸನಿ ಹೊಡೀತೈತಿ."

ಅದೇ ಹೊತ್ತಿಗೆ ಓಣಿಯ ತಿರುವಿನಲ್ಲಿ ಖಾಜೇಸಾಬನ ಸೈಕಲ್ಲು ಕಂಡಿತು. ಸಾವಂತ್ರವ್ವ ಸೆರಗು ಸಿಕ್ಕಿಸಿಕೊಂಡು ಬೀದಿಗಿಳಿದು ಸೈಕಲ್ಲಿನ ಹಿಡಿಕೆ ಹಿಡಿದಳು. "ಏ ಖಾಜಾ, ಇಳಿ ಕೆಳಗ. ಈ ಕಾಗದ ಭಜಿ ಅಂಗಡಿಗೆ ಯಾಕ ಹೋಗಿತ್ತು? ಅದಕ್ಕೂ ಹಸಿವಾಗಿತ್ತೇನು?"

ಖಾಜೇಸಾಬ ಟೋಪಿ ತೆಗೆದ, ಮತ್ತೆ ಹಾಕಿಕೊಂಡ. ನೆಲ ನೋಡಿದ. "ಬುಡನ್‌ಸಾಬನ ಭಜಿ ಒಲಿ ಮ್ಯಾಲ ಹಂಚಿಟ್ಟು ಒಣಗಿಸೀನ್ರಿ. ಹಗ್ಗದ ಮ್ಯಾಲ ಹಾಕಿದರ ಮಂದಿ ನೋಡ್ತಾರ. ಅಜ್ಜಾರ ಮನಿಯಾಗ ಹಿಂಗಾಗೇತಿ, ಅವರ ಕೈಯಾಗ ಹಸಿ ಕಾಗದ ಹೆಂಗ ಕೊಡ್ಲಿ ಅಂತ…"

"ಎಷ್ಟು ಕಾಗದ?" ಎಂದು ನಾನು ಕೇಳಿದೆ.

"ಎಲ್ಲಾನೂರಿ ಅಜ್ಜಾರ. ಮೊದಲಿನದು ಚೀಲದಾಗಿನ ಉಳಿದ ಟಪಾಲನ್ನೂ ತೋಯಿಸಿತ್ತು. ಫೋಟೋದೊಳಗಿಂದ ಒಂದು ತಂಬಿಗಿ ನೀರು ಬಂತು. ತೀರ್ಥಯಾತ್ರಿ ಕಾಗದ ಅಂತೂ ಬಕೀಟಿನ್ಯಾಗ ತಂದೀನ್ರಿ."

ಸಾವಂತ್ರವ್ವ ಗೆದ್ದವಳಂತೆ ನನ್ನ ಕಡೆ ತಿರುಗಿದಳು. ಆದರೆ ಖಾಜೇಸಾಬ ಇನ್ನೂ ನೆಲವನ್ನೇ ನೋಡುತ್ತಿದ್ದ. ಅವನು ಹೇಳಬಾರದೆಂದುಕೊಂಡದ್ದು ಬಾಯಿ ಜಾರಿ ಬಂತು. "ನಿಮ್ಮ ಕಾಗದಾನೂ ಒಣಗಿಸೀನ್ರಿ ಅಜ್ಜಾರ. ಮನಿಯಾಗ ಅವ್ವಾರು ಅದಾರ ಅಂತ ಬರದಿದ್ದಿರಲ್ಲ, ಅದು."

ಸಾವಂತ್ರವ್ವ ಸೈಕಲ್ಲಿನ ಹಿಡಿಕೆ ಬಿಟ್ಟಳು. ನಮ್ಮೂರ ಮರ್ಯಾದೆಯಂತೆ ಇಬ್ಬರೂ ಕೈ ಒರೆಸಿಕೊಂಡರು. ನಾನು ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡೆ.

ಆ ದಿನ ಪೂಜೆಗೆ ಕೂತರೆ ಮಂತ್ರ ನಾಲಿಗೆಗೆ ಬರಲಿಲ್ಲ. ಚಂದ್ರಹಾಸನ ಮೇಲೆ ಸಿಟ್ಟು ಮಾಡಲು ನೋಡಿದೆ. ಇಲ್ಲದ ಕುನ್ನಿಯನ್ನು ಇದೆಯೆಂದು ಅವನು ಬರೆದ. ಇಲ್ಲದ ಹೆಂಡತಿಯನ್ನು ಇದ್ದಾಳೆಂದು ನಾನು ಬರೆದೆ. ಎರಡು ಕಾಗದಗಳೂ ಒಂದೇ ಭಜಿ ಒಲೆಯ ಮೇಲೆ ಒಣಗಿದವು. ನಾನು ಅವನನ್ನು ಬಯ್ಯುವುದೆಂತು? ಮಾರನೆಯ ದಿನ ಖಾಜೇಸಾಬನನ್ನು ಕರೆದು, ಇನ್ನು ಮೇಲೆ ನನ್ನ ಕಾಗದ ಒಣಗಿಸಬೇಡ, ಹೇಗಿದೆಯೋ ಹಾಗೆ ತಾ ಎಂದು ಹೇಳಿದೆ.

ಪುಣ್ಯತಿಥಿಗೆ ಒಂದೂವರೆ ತಿಂಗಳಿರುವಾಗ ಇನ್ನೊಂದು ಕಾಗದ ಬಂತು. ಖಾಜೇಸಾಬ ಅದನ್ನು ಎಣ್ಣೆಯ ಡಬ್ಬಿಯಲ್ಲಿ ಹಾಕಿಕೊಂಡು ಬಂದು ಕಟ್ಟೆಯ ಮೇಲಿಟ್ಟ. ನೀರಿನಲ್ಲಿ ಕಾಗದ ಮೀನಿನಂತೆ ಮಲಗಿತ್ತು. ಸಾವಂತ್ರವ್ವನೂ ಬಂದಳು. ನಾನು ದವಾಖಾನೆಯ ಹಳೆಯ ಚಿಮಟಿಗೆಯಿಂದ ಅದನ್ನು ಎತ್ತಿ ತಟ್ಟೆಯ ಮೇಲೆ ಹರಡಿದೆ. ಮರಿಯು ದಿನೇ ದಿನೇ ಪುಷ್ಟಿಯಾಗುತ್ತಿದೆ ಎಂಬ ಸಾಲಿನಿಂದ ನೀರು ಜಿನುಗುತ್ತಿತ್ತು. ತಾಯಿ ಯಾತ್ರೆಯಿಂದ ಪತ್ರ ಬರೆದಿದ್ದಾಳೆ ಎಂಬ ಸಾಲು ಹರಿದೇ ಹೋಯಿತು. ಸಾಗಾಣಿಕೆಗೆ ಒಂದು ಹಿತ್ತಾಳೆ ಗಂಟೆ, ಒಂದು ಕಂಬಳಿ, ಯಜಮಾನರ ಜಾತಕ ಬೇಕು ಎಂಬುದೆಲ್ಲ ಮುದ್ದೆಯಾಗಿತ್ತು. ಆದರೆ ನಡುವೆ ಒಂದೇ ಒಂದು ಸಾಲು, ಅಷ್ಟು ನೀರಿನೊಳಗೆ ಕೆಸುವಿನ ಎಲೆಯಂತೆ ಒಣಗಿ ನಿಂತಿತ್ತು. ಮೂವರೂ ಬಗ್ಗಿ ಓದಿದೆವು.

ಇದಕ್ಕೆ ಒಂಟಿಯಾಗಿ ಮಲಗಲು ಆಗುವುದಿಲ್ಲ, ನಿಮ್ಮ ಮನೆಯವರ ಹಳೆಯ ಸೀರೆಯೊಂದಿದ್ದರೆ ಕಳಿಸಿರಿ.

ನಾನು ಬೆರಳಿಟ್ಟು ನೋಡಿದೆ. ಖಾಜೇಸಾಬ ಬೆರಳಿಟ್ಟು ನೋಡಿದ. ಸಾವಂತ್ರವ್ವ ಎರಡು ಬೆರಳಿಟ್ಟು ನೋಡಿದಳು. ಒಣಗಿತ್ತು.

ಸೀರೆ ಎಂದರೆ ನನ್ನಲ್ಲಿ ಉಳಿದಿದ್ದದ್ದು ಒಂದೇ. ಉಳಿದವುಗಳನ್ನು ದಿನಕರ್ಮದ ಕಾಲಕ್ಕೆ ಹಂಚಿಯಾಗಿತ್ತು. ಇದು ಅವಳು ಹಾಸಿಗೆ ಹಿಡಿಯುವ ಮುಂಚಿನ ದಿನ ಉಟ್ಟು ಬಿಚ್ಚಿದ ಇಳಕಲ್ ಸೀರೆ, ಒಗೆಯದೆ ಇಟ್ಟದ್ದು. ಟ್ರಂಕಿನೊಳಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದೆ. ಸೋಮವಾರ ಪೂಜೆಯಾದ ಮೇಲೆ ಚೀಲದ ಬಾಯಿ ಬಿಚ್ಚುವೆನು, ಒಮ್ಮೆ ಉಸಿರೆಳೆದುಕೊಳ್ಳುವೆನು, ವಾಸನೆ ತೀರಿಹೋದೀತೆಂದು ಬೇಗನೆ ಕಟ್ಟುವೆನು. ಸೀಗೆಕಾಯಿ, ಒಗ್ಗರಣೆ, ಎಲೆಯಡಿಕೆ. ವಾರಕ್ಕೊಂದು ಉಸಿರಿನಂತೆ ಬಳಸಿದರೆ ನನ್ನ ಆಯುಷ್ಯಕ್ಕೆ ಸಾಕಾದೀತೆಂದು ಲೆಕ್ಕ ಹಾಕಿದ್ದೆ.

"ಅಣ್ಣಾರ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದಳು ಸಾವಂತ್ರವ್ವ. "ರೊಕ್ಕ ಹೋತು, ಹೋಗಲಿ. ಅದೊಂದು ಸೀರಿ ಬಿಡಬ್ಯಾಡ್ರಿ. ಅವ ಅದನ್ನ ಹರದು ಕೈ ಒರಸೂ ಅರಿವಿ ಮಾಡ್ಕೋತಾನ."

"ಆ ಸಾಲು ಒಣಗೇತಲ್ಲವ್ವಾ."

"ನೂರು ಸುಳ್ಳಿನ ನಡುವ ಒಂದು ಖರೇ ಇದ್ದರ ಅದು ಗಾಳರೀ! ಮೀನ ಹಿಡಿಯಾವ ಎರಿಹುಳ ಖರೇನ ಹಾಕ್ತಾನ."

ಅವಳ ಮಾತು ಸರಿಯಾಗಿತ್ತು. ಆದರೆ ಎಲ್ಲೋ ಏಳು ಬಸ್ಸುಗಳಾಚೆ ಒಂದು ಜೀವಕ್ಕೆ ಒಂಟಿಯಾಗಿ ಮಲಗಲು ಆಗುವುದಿಲ್ಲ. ಅದು ಮರಿಯೋ, ಬೇರೆ ಏನೋ, ಚಂದ್ರಹಾಸನೇ ಇದ್ದರೂ ಇರಬಹುದು. ಹತ್ತೂವರೆ ತಿಂಗಳಿಂದ ಆ ಸಂಕಟ ಏನೆಂದು ನನಗೆ ಗೊತ್ತಿತ್ತು. ಬಸಲಿಂಗವ್ವ ಇದ್ದಿದ್ದರೆ ಗೋಡೆಯಾಚೆ ರೊಟ್ಟಿ ಹಾಕುವಾಗ ಆ ನಾಯಿಗಳ ಕುಲಗೋತ್ರ ಕೇಳುತ್ತಿದ್ದಳೇ? ಚೀಲದ ಬಾಯಿ ಬಿಚ್ಚಿ ಒಂದು ಉಸಿರಿನ ಬದಲು ಮೂರು ಉಸಿರು ಎಳೆದುಕೊಂಡೆ. ಪೂಜೆಯ ಹಿತ್ತಾಳೆ ಗಂಟೆಯನ್ನೂ ಜೊತೆಗಿಟ್ಟು ಪಾರ್ಸಲ್ಲು ಕಟ್ಟಿದೆ. ಖಾಜೇಸಾಬ ಅದನ್ನು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಹೋದ. ಸಾವಂತ್ರವ್ವ ಅಂದಿನಿಂದ ನನ್ನೊಡನೆ ಮಾತು ಬಿಟ್ಟಳು. ರೊಟ್ಟಿ ಮಾತ್ರ ತಂದು ಕಟ್ಟೆಯ ಮೇಲೆ ಕುಕ್ಕಿ ಹೋಗುವಳು.

ಆಮೇಲೆ ಏನೂ ಬರಲಿಲ್ಲ. ಒದ್ದೆಯೂ ಇಲ್ಲ, ಒಣಗಿದ್ದೂ ಇಲ್ಲ. ಖಾಜೇಸಾಬ ದಿನವೂ ಖಾಲಿ ಕೈಯನ್ನು ತೋರಿಸಿ ಹೋಗುವನು. ಸೋಮವಾರ ಪೂಜೆ ಮುಗಿಸಿ ಅಭ್ಯಾಸಬಲದಿಂದ ಟ್ರಂಕು ತೆರೆದೆ. ಬರೀ ಡಾಂಬರ ಗುಳಿಗೆಯ ವಾಸನೆ. ಗಂಟೆಯಿಲ್ಲದ ಪೂಜೆಯೂ ಮೂಕವಾಗಿತ್ತು. ಶಿವನಿಗೆ, ನೀನಾದರೂ ನಗು ಎಂದೆ.

ಪುಣ್ಯತಿಥಿಯ ಹಿಂದಿನ ದಿನ, ಹತ್ತು ಗಂಟೆಯ ಬಸ್ಸಿನ ಹೊತ್ತಿಗೆ ಖಾಜೇಸಾಬ ಸೈಕಲ್ಲು ತುಳಿಯುತ್ತ ಕೂಗಿಕೊಂಡೇ ಬಂದ. "ಅಜ್ಜಾರ, ಬುಟ್ಟಿ ಬಂದೈತ್ರೀ! ಬಸ್‌ಸ್ಟ್ಯಾಂಡಿಗೆ ನಡೀರಿ!" ನಾನು ಚಪ್ಪಲಿ ಹಾಕಿಕೊಳ್ಳದೆ ಹೊರಟೆ. ಸಾವಂತ್ರವ್ವ ಮಾತು ಬಿಟ್ಟದ್ದನ್ನು ಮರೆತು ನನ್ನ ಹಿಂದೆ ಓಡಿದಳು.

ಬಸ್ಸಿನ ಕಂಡಕ್ಟರ ಬುಟ್ಟಿಯನ್ನು ಮೆಟ್ಟಿಲ ಮೇಲೆ ಇಟ್ಟುಕೊಂಡು ನಿಂತಿದ್ದ. ಅರ್ಧ ಊರು ಸುತ್ತ ನೆರೆದಿತ್ತು. ಬುಟ್ಟಿಯಿಂದ ಗಂಟೆಯ ಸದ್ದು ಬಂತು, ನನ್ನ ಪೂಜೆಯ ಗಂಟೆ. ಮುಚ್ಚಳ ತೆರೆದರೆ ಇಳಕಲ್ ಸೀರೆ. ಸೀರೆಯೊಳಗಿಂದ ಒಂದು ತಲೆ ಮೆಲ್ಲಗೆ ಮೇಲೆದ್ದಿತು. ಬಿಳಿ ತಲೆ, ಒಂದು ಕಂದು ಕಿವಿ, ಕೊರಳಲ್ಲಿ ಆ ಗಂಟೆ. ಜನರೆಲ್ಲ ಆಹಾ ಎಂದರು. ಆಮೇಲೆ ಅದು ಒಂದೊಂದೇ ಕಾಲನ್ನು ಹೊರಗಿಟ್ಟು, ನಡುನಡುವೆ ದಣಿವಾರಿಸಿಕೊಂಡು, ಬುಟ್ಟಿಯಿಂದ ಇಳಿಯಿತು. ಜನ ಆಹಾ ಎನ್ನುವುದನ್ನು ನಿಲ್ಲಿಸಿದರು. ಅದರ ಗಡ್ಡ ನರೆತಿತ್ತು. ಕಣ್ಣಿನಲ್ಲಿ ಪೊರೆ ಬಂದಿತ್ತು. ಆಕಳಿಸಿದರೆ ಬಾಯೊಳಗೆ ಎರಡೇ ಹಲ್ಲು.

"ಕುನ್ನಿ ಅಂತ ಚೀಟಿ ಹಚ್ಚಿದ್ದರು, ಅರ್ಧ ಟಿಕೇಟು ಹರೀಲಿಕ್ಕೆ ಹೋಗಿದ್ದೆ" ಎಂದ ಕಂಡಕ್ಟರ. "ಮುಖ ನೋಡಿದ ಮ್ಯಾಲ ಹಿರಿಯ ನಾಗರಿಕರ ಟಿಕೇಟು ಕೊಟ್ಟೀನ್ರಿ."

ಯಾರೂ ನಗಲಿಲ್ಲ, ನಗಬೇಕೋ ಬಾರದೋ ಎಂದು ನನ್ನ ಮುಖ ನೋಡುತ್ತಿದ್ದರು. ನನಗೂ ತಿಳಿಯಲಿಲ್ಲ. ನಾನು ಅದನ್ನೂ ಸೀರೆಯನ್ನೂ ಎತ್ತಿಕೊಂಡು ಮನೆಗೆ ನಡೆದೆ. ದಾರಿಯಲ್ಲಿ ನನ್ನ ಅಂಗಿಗೆ ಬಿಳಿ ಹತ್ತಿತು. ಮೂಸಿ ನೋಡಿದೆ. ಹಿಟ್ಟಲ್ಲ, ಸುಣ್ಣವಲ್ಲ, ವಿಭೂತಿ. ನಾನು ಪೂಜೆಯ ಮನುಷ್ಯನೆಂದು ತಿಳಿದ ಚಂದ್ರಹಾಸ ನಾಯಿಯ ಮೈತುಂಬ ವಿಭೂತಿ ಬಳಿದು ಕಳಿಸಿದ್ದ. ನಿಂತು, ಬೆರಳಿಗೆ ಹತ್ತಿದ್ದನ್ನು ಹಣೆಗೆ ಹಚ್ಚಿಕೊಂಡೆ. ಯಾರ ಮೈಯಿಂದ ಬಂದರೂ ವಿಭೂತಿ ವಿಭೂತಿಯೇ.

ಹಿತ್ತಲಲ್ಲಿ ಸಾವಂತ್ರವ್ವ ಬಿಸಿನೀರು ಹೊಯ್ದಳು. ಕಿವಿಯಿಂದ ಕೆಂಪು ನೀರು ಇಳಿಯಿತು. ಎಲೆಯಡಿಕೆಗೆ ಹಾಕುವ ಕಾಚು. ಮೈಯಿಂದ ಬೂದಿನೀರು ಇಳಿಯಿತು. ಕಾಚು ಹೋದ ಕಿವಿ ಬೆಳ್ಳಗಾಯಿತು, ವಿಭೂತಿ ಹೋದ ಮೈ ಕಂದಾಯಿತು. ನಾನು ಕೇಳಿದ್ದೆಲ್ಲವೂ ಅದರಲ್ಲಿತ್ತು, ತಿರುವು ಮುರುವಾಗಿ.

"ತೊಳದು ಕೆಡಿಸಿದಿವೇನೋ ಅಣ್ಣಾರ" ಎಂದಳು ಸಾವಂತ್ರವ್ವ, ಕೈಯಲ್ಲಿ ತಂಬಿಗೆ ಹಿಡಿದು.

ಊಟವಾದ ಮೇಲೆ ಎಂದಿನಂತೆ ಚಾಪೆಯ ಮೇಲೆ ಒರಗಿದೆ. ನಾಯಿ ಸೀರೆಯನ್ನು ಎರಡು ಹಲ್ಲಿನಿಂದ ಎಳೆಯುತ್ತ, ಪಡಸಾಲೆ ದಾಟಿ, ಅಡುಗೆಮನೆಯ ಹೊಸ್ತಿಲ ಹತ್ತಿರ ಹೋಗಿ ನಿಂತಿತು. ಬಸಲಿಂಗವ್ವ ಕಾಯಿಪಲ್ಲೆ ಹೆಚ್ಚುತ್ತ ಕೂಡುತ್ತಿದ್ದ ಜಾಗ ಅದು. ನೆಲವನ್ನು ಬಹಳ ಹೊತ್ತು ಮೂಸಿತು, ಸೀರೆಯನ್ನು ಮೂಸಿತು, ಮತ್ತೆ ನೆಲವನ್ನು ಮೂಸಿತು. ಎರಡೂ ತಾಳೆಯಾದವೆಂದು ತೋರುತ್ತದೆ. ಅಲ್ಲಿಯೇ ಸೀರೆಯನ್ನು ಬಿಟ್ಟು ನನ್ನ ಹತ್ತಿರ ಬಂದು, ನನ್ನ ಅಂಗಾಲಿಗೆ ಬೆನ್ನು ಕೊಟ್ಟು ಮಲಗಿತು. ಒಂಟಿಯಾಗಿ ಮಲಗಲು ಅದಕ್ಕೆ ಆಗುತ್ತಿರಲಿಲ್ಲ. ಆ ಸಾಲು ಒಣಗಿದ್ದದ್ದು ನ್ಯಾಯವೇ.

ಮಾರನೆಯ ದಿನ ಪುಣ್ಯತಿಥಿ. ಸೋಮವಾರವೇ ಬಂದಿತ್ತು. ಸಾವಂತ್ರವ್ವ ಬೆಳಿಗ್ಗೆಯೇ ಬಂದು ಬಸಲಿಂಗವ್ವನಿಗೆ ಪ್ರೀತಿಯಾದದ್ದನ್ನೆಲ್ಲ ಮಾಡಿದಳು. ಹೂರಣದ ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ. ಭಾವಚಿತ್ರದ ಮುಂದೆ ಬಾಳೆಎಲೆ ಹಾಕಿ ಎಡೆ ಬಡಿಸಿ, ಹೋಳಿಗೆಯ ಮೇಲೆ ತುಪ್ಪ ಹೊಯ್ದು, ಪೂಜೆಗೆ ಬರಬೇಕಿದ್ದ ಅಯ್ಯನವರ ದಾರಿ ನೋಡಲು ಬಾಗಿಲಿಗೆ ಹೋದಳು. ನಾನು ಬಾವಿಯಿಂದ ಪೂಜೆಗೆ ಅಗ್ಗಣಿ ನೀರು ತರಲು ಹಿತ್ತಲಿಗೆ ಹೋದೆ. ತಂಬಿಗೆ ಹಿಡಿದು ಒಳಗೆ ಬಂದರೆ, ಸೋಮವಾರ ಉಪವಾಸ ಮಾಡುವ ಕುನ್ನಿ ಎಡೆಯ ಮುಂದೆ ನೆಟ್ಟಗೆ ಕೂತು ನಾಲ್ಕನೆಯ ಹೋಳಿಗೆಯನ್ನು ಒಸಡಿನಿಂದ ಜಗಿಯುತ್ತಿತ್ತು. ಗಡ್ಡಕ್ಕೆಲ್ಲ ತುಪ್ಪ.

"ಏ!" ಎಂದು ನಾನು ಕೂಗಿದೆ. "ಕಣ್ಣ ಎಲ್ಲಿ ಇಟ್ಟಿರ್ತಿ ನೀ? ದೇವರ ಮುಂದಿಂದು, ಹಿರೇರ ಮುಂದಿಂದು ಅಂಬೂದು ಇಲ್ಲೇನು? ಅಯ್ಯನವರು ಇನ್ನೂ ಬಂದಿಲ್ಲ, ಆರತಿ ಆಗಿಲ್ಲ, ನಿನಗೇನು ಅಷ್ಟು ಅವಸರ? ಒಂದು ದಿನಾರ, ಒಂದು ಮಾತಾರ ಕೇಳಿ ಏನು ನೀ?"

ನಾಯಿ ಹೋಳಿಗೆಯನ್ನು ನುಂಗಿ, ನನ್ನ ಕಡೆ ನೋಡಿ, ಬಾಲವನ್ನು ನೆಲಕ್ಕೆ ಎರಡು ಸಲ ಬಡಿಯಿತು. ಗಂಟೆ ಠಣ್ ಎಂದಿತು. ನಾನು ಇನ್ನೂ ಕೂಗುತ್ತಲೇ ಇದ್ದೆ. ಹಾಲಿನ ಮೇಲೆ ತಟ್ಟೆ ಯಾಕೆ ಮುಚ್ಚಿಲ್ಲ ಎಂದೂ ಕೇಳಿದೆನೆಂದು ಆಮೇಲೆ ಸಾವಂತ್ರವ್ವ ಹೇಳಿದಳು. ಅವಳು ಬಾಗಿಲಿನಿಂದ ಓಡಿಬಂದವಳು ಕಂಬ ಹಿಡಿದು ನಿಂತುಬಿಟ್ಟಳು. ಅವಳ ಹಿಂದೆ ಎದುರು ಮನೆಯವರು, ಅವರ ಹಿಂದೆ ಓಣಿಯ ಕೊನೆಯ ಮನೆಯವರು. ಒಬ್ಬ ಮುದುಕ ತನ್ನ ಕೈಗಡಿಯಾರ ನೋಡಿಕೊಂಡ.

"ಇನ್ನೂ ಬೈರಿ ಅಣ್ಣಾರ" ಎಂದಳು ಸಾವಂತ್ರವ್ವ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ಒಂದು ವರ್ಷ ಆತು ಈ ಧ್ವನಿ ಕೇಳಿ. ಹೋಳಿಗಿ ನಾ ಮತ್ತ ಮಾಡ್ತೀನಿ."

ಅಯ್ಯನವರು ಬಂದು, ನಡೆದದ್ದನ್ನು ಕೇಳಿ, ಎಡೆ ಮುಟ್ಟಬೇಕಾದವರಿಗೆ ಮುಟ್ಟಿದೆ ಎಂದರು. ಆದರೂ ಹೊಸ ಎಡೆ ಬಡಿಸಿಯೇ ಪೂಜೆ ಮಾಡಿದೆವು. ಗಂಟೆಯನ್ನು ನಾಯಿಯ ಕೊರಳಿನಿಂದ ಬಿಚ್ಚಲು ಮನಸ್ಸಾಗಲಿಲ್ಲ. ಆರತಿಯ ಹೊತ್ತಿಗೆ ಸಾವಂತ್ರವ್ವ ಅದರ ಕೊರಳು ಅಲ್ಲಾಡಿಸಿದಳು.

ಮೂರನೆಯ ದಿನ ನಾನು ಪೆನ್ಸಿಲು ಚೂಪು ಮಾಡಿಕೊಂಡು ಚಂದ್ರಹಾಸನಿಗೆ ಒಂದು ಕಾಗದ ಬರೆದೆ. ಮೂರೇ ಸಾಲು. ನೀವು ಕಳಿಸಿದ ಮರಿ ತಲುಪಿತು. ನನ್ನ ಹೆಂಡತಿ ಬಹಳ ಸಂತೋಷವಾಗಿದ್ದಾಳೆ ಎಂದು ಬರೆದು, ತಪ್ಪಾಯಿತೆಂದು ಅಳಿಸಿ, ನನ್ನ ಹೆಂಡತಿಗೆ ಬಹಳ ಸಂತೋಷವಾಗಿದೆ ಎಂದು ತಿದ್ದಿದೆ. ಆಮೇಲೆ, ನಿಮ್ಮ ಮೇಲೆ ನನಗೆ ಯಾವ ಕೋಪವೂ ಇಲ್ಲ. ಹೀಗೆ ಬರೆಯುವುದು ಒಬ್ಬ ದೈವಭಕ್ತನಿಗೆ ತಕ್ಕದ್ದೆಂದು ನನಗೆ ತೋರಿತು.

ಖಾಜೇಸಾಬ ಬಂದ. ಕಾಗದ ಕೊಟ್ಟೆ. ಅವನು ಅದನ್ನು ಚೀಲಕ್ಕೆ ಹಾಕಿದ, ಆದರೆ ಹೋಗಲಿಲ್ಲ. ಸೈಕಲ್ಲಿಗೆ ಒರಗಿ ನಿಂತ. ನಾನೂ ನಿಂತೆ. ಸಾವಂತ್ರವ್ವ ತನ್ನ ಕಟ್ಟೆಯ ಮೇಲೆ ಶೇಂಗಾ ಸುಲಿಯುವುದನ್ನು ನಿಲ್ಲಿಸಿದಳು. ಸ್ವಲ್ಪ ಹೊತ್ತಿಗೆ ಚೀಲದ ತಳದಿಂದ ಒಂದು ಹನಿ ಬಿತ್ತು. ಇನ್ನೊಂದು ಬಿತ್ತು.

"ತಗದು ನೋಡಲೇನ್ರಿ ಅಜ್ಜಾರ?"

"ನೋಡಪಾ."

ಅವನು ಕಾಗದ ತೆಗೆದು ಅಂಗೈ ಮೇಲೆ ಬಿಡಿಸಿದ. ಮೇಲಿನಿಂದ ಬೆರಳಿಟ್ಟು ಬಂದ. "ಮರಿ ಅಂತ ಬರದಲ್ಲಿ ಒದ್ದಿ ಐತ್ರಿ" ಎಂದ. ಆಮೇಲೆ ಕೆಳಗೆ ಬೆರಳಿಟ್ಟವನು ಕೈ ಹಿಂದೆಗೆದು ಜಾಡಿಸಿದ. "ಕೋಪ ಇಲ್ಲ ಅಂಬೂದು ಅಂತೂ ಸೋರಾಕ ಹತ್ತೈತಿ."

"ನಡುವಿಂದು?" ಎಂದು ಸಾವಂತ್ರವ್ವ ಕಟ್ಟೆಯ ಮೇಲಿಂದಲೇ ಕೇಳಿದಳು.

ಖಾಜೇಸಾಬ ಬೆರಳನ್ನು ಅಂಗಿಗೆ ಒರೆಸಿಕೊಂಡು ನಡುವಿನ ಸಾಲಿನ ಮೇಲೆ ಇಟ್ಟ. ಈ ತುದಿಯಿಂದ ಆ ತುದಿಗೆ ಹೋದ. ಆ ತುದಿಯಿಂದ ಈ ತುದಿಗೆ ಬಂದ. ಆಮೇಲೆ ಕಾಗದವನ್ನು ನನ್ನ ಕಡೆ ಹಿಡಿದ. ನಾನು ಬೆರಳಿಟ್ಟೆ. ಎರಡು ಒದ್ದೆ ಸಾಲುಗಳ ನಡುವೆ ಆ ಸಾಲು ಬಿಸಿಲಿನಲ್ಲಿ ಇಟ್ಟ ಬಟ್ಟೆಯಂತೆ ಬೆಚ್ಚಗೆ, ಒಣಗಿ ಇತ್ತು.

"ಭಜಿ ಅಂಗಡಿಗೆ ಒಯ್ಯಲೇನ್ರಿ, ಹಾಂಗ ಕಳಸಲೇನ್ರಿ?" ಎಂದು ಅವನು ಮೆತ್ತಗೆ ಕೇಳಿದ.

"ಹಾಂಗ ಕಳಸು" ಎಂದೆ.

ಒಳಗೆ ಏನೋ ಉರುಳಿದ ಸದ್ದಾಯಿತು, ಅದರ ಹಿಂದೆಯೇ ಗಂಟೆ. ಹಾಲಿನ ಪಾತ್ರೆಯ ಮೇಲೆ ತಟ್ಟೆ ಮುಚ್ಚಿದ್ದೆನೋ ಇಲ್ಲವೋ ನೆನಪಾಗಲಿಲ್ಲ. ನಾನು ಕೂಗುತ್ತ ಒಳಗೆ ಹೋದೆ.